ಕಟ್ಟಾದ ಖಾಲಿ ಕೇಸು, ಪತ್ರ ಓದದೆ ನೋಡಿದ್ದು

ಮುಂಬೈಯ ಮಾಟುಂಗಾದ ಕನ್ನಡ ಕಾರ್ಯಕ್ರಮಗಳಲ್ಲಿ ಸಿಕ್ಕವರು, ಪೊಲೀಸರು ಕಳಿಸಿದ ಗನ್ನು, ಗುಂಡು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ ಎಂದು ಗೊತ್ತಾದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ಯಾವ ಗನ್ ಅಂತ ನೂರಕ್ಕೆ ನೂರು ಗೊತ್ತಾಗುತ್ತೆ ಅಲ್ವಾ ಮೇಡಂ?" 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿ ಅವರ ಮೇಲೆ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಮೇಲೆ ಗುಂಡು ಹಾರಿಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ತನಿಖಾ ತಂಡ ಹೇಳಿದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಯಿತು. ಕೆಲವು ಸಲ ಗೊತ್ತಾಗುತ್ತದೆ. ಕೆಲವು ಸಲ ಆಗುವುದಿಲ್ಲ. ಎಷ್ಟು ಸಲ ಆಗುವುದಿಲ್ಲ ಅನ್ನುವುದನ್ನು ನಾವು ಯಾವತ್ತಾದರೂ ಲೆಕ್ಕ ಇಟ್ಟಿದ್ದೇವಾ?

ಅಮೆರಿಕದಲ್ಲಿ ಇಟ್ಟರು. 2014ರ ಏಮ್ಸ್ (Ames) ಪ್ರಯೋಗಾಲಯದ ಅಧ್ಯಯನದಲ್ಲಿ 218 ಪರೀಕ್ಷಕರಿಗೆ ಉತ್ತರ ಹೇಳದೆ ಖಾಲಿ ಕೇಸುಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕೊಳವೆಗಳನ್ನು, ಕಳಿಸಿದರು. ಬೇರೆ ಬೇರೆ ಗನ್ನಿನಿಂದ ಬಂದ 2178 ಜೋಡಿಗಳಲ್ಲಿ 22ನ್ನು 'ಒಂದೇ ಗನ್' ಎಂದು ತಪ್ಪಾಗಿ ಹೇಳಿದ್ದರು, 735ಕ್ಕೆ 'ಹೇಳಲಾಗದು' ಎಂದಿದ್ದರು. ಈ 735ನ್ನು ಲೆಕ್ಕಕ್ಕೆ ಸೇರಿಸಿದರೆ ತಪ್ಪು ಶೇ. 1, ಬಿಟ್ಟರೆ ಶೇ. 1.5. ಇದರ ಮೇಲೆ ಇವತ್ತಿಗೂ ಜಗಳ. ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು ವಿಷಯ: ಆ 22ರಲ್ಲಿ 20 ತಪ್ಪುಗಳು ಬರೀ ಐದು ಜನರವು. ಸರಾಸರಿ ಅನ್ನುವುದು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ ನೋಡಿ.

ಆದರೆ ಅವರು ಬಳಸಿದ್ದು ಕಾರ್ಖಾನೆಯಿಂದ ಬಂದ ಹೊಸ ರೂಗರ್ ಪಿಸ್ತೂಲುಗಳು. ನಮ್ಮ ಮೇಜಿಗೆ ಬರುವುದು ಕಟ್ಟಾ, ಅಂದರೆ ಕೈಯಲ್ಲಿ ಮಾಡಿದ ನಾಡ ಪಿಸ್ತೂಲು. ಪೈಪ್ ತುಂಡಿಗೆ ಮರದ ಹಿಡಿ ಹಾಕಿದ .315 ಬೋರಿನದು. ಹಾಗಾಗಿ ನಮ್ಮ ಮಟ್ಟಿಗೆ ನಾವೇ ನೋಡೋಣ ಎಂದು ಅನುಮತಿ ತೆಗೆದುಕೊಂಡು, ಪ್ರಕರಣ ಮುಗಿದು ಸಂಗ್ರಹಕ್ಕೆ ಸೇರಿದ್ದ ಹಳೆಯ ಕಟ್ಟಾಗಳನ್ನು ಹೊರಗೆ ತೆಗೆಸಿದೆ.

ಕಟ್ಟಾವನ್ನು ಕೈಯಲ್ಲಿ ಹಿಡಿದು ಹಾರಿಸುವ ಹಾಗಿಲ್ಲ, ಸಿಡಿಯಬಹುದು. ಸ್ಟ್ಯಾಂಡಿಗೆ ಬಿಗಿದು, ತಡೆಯ ಹಿಂದೆ ನಿಂತು, ದಾರ ಕಟ್ಟಿ ಟ್ರಿಗರ್ ಎಳೆಯಬೇಕು. ಎಜೆಕ್ಟರ್ ಇರದಿದ್ದರೆ ಖಾಲಿ ಕೇಸನ್ನು ಕಡ್ಡಿಯಿಂದ ತಳ್ಳಿ ತೆಗೆಯಬೇಕು. ಕೆಲವು ಕೇಸು ಹೊಟ್ಟೆ ಉಬ್ಬಿಸಿಕೊಂಡು ಬರುತ್ತವೆ, ಕೆಲವು ಸೀಳಿರುತ್ತವೆ, ಯಾಕೆಂದರೆ ಚೇಂಬರಿಗೂ ತೋಟಾಕ್ಕೂ ಅಳತೆಯೇ ಕೂಡಿರುವುದಿಲ್ಲ. ನಳಿಗೆಯೊಳಗೆ ರೈಫ್ಲಿಂಗ್, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರು, ಇಲ್ಲ. ಅಂದರೆ ಗುಂಡಿನ ಮೇಲೆ ಸಾಲು ಸಾಲಾಗಿ ಮೂಡಬೇಕಾದ ಗೆರೆಗಳೂ ಇಲ್ಲ, ಅಲ್ಲಲ್ಲಿ ಉಜ್ಜಿದ ಗೀರು ಮಾತ್ರ, ಅದೂ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಉಳಿಯುವುದು ಕೇಸಿನ ಹಿಂಭಾಗ.

ನಮ್ಮ ಜೊತೆ ಅಕ್ಕಲಕೋಟೆ ಕಡೆಯ ಒಬ್ಬ ಹುಡುಗನಿದ್ದ, ಮನೆಯಲ್ಲಿ ಕನ್ನಡ. ಕೇಸುಗಳಿಗೆ ಗುರುತಿನ ನಂಬರ್ ಹಾಕಿ, ಬೆರೆಸಿ, ನನಗೆ ಕೊಡುವುದು ಅವನ ಕೆಲಸ. ಪಟ್ಟಿ ಅವನ ಬೀರುವಿನಲ್ಲಿ. "ಅಕ್ಕಾರ, ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ" ಎಂದು ಮೊದಲೇ ನಗುತ್ತಾ ಹೇಳಿಬಿಟ್ಟ.

ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಕಣ್ಣಳತೆಯಲ್ಲಿ ನೋಡಬಹುದು, ನಡುವೆ ಒಂದು ಗೆರೆ. ಬೆಳಕನ್ನು ಓರೆಯಾಗಿ ಬಿಡಬೇಕು, ನೇರವಾಗಿ ಬಿಟ್ಟರೆ ಹಿತ್ತಾಳೆ ಹೊಳೆದು ಎಲ್ಲ ಮುಚ್ಚಿಹೋಗುತ್ತದೆ. ಕಟ್ಟಾದ ಫೈರಿಂಗ್ ಪಿನ್ ಎಷ್ಟೋ ಸಲ ಉಜ್ಜಿ ಚೂಪು ಮಾಡಿದ ಮೊಳೆ. ಅದರ ಕುಳಿ ಪ್ರೈಮರಿನ (ಕೇಸಿನ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನ) ನಡುವೆ ಬೀಳದೆ ಅಂಚಿಗೆ ಬಿದ್ದಿರುತ್ತದೆ. ಒಂದೇ ಕಟ್ಟಾದ ಎರಡು ಕೇಸು ತೆಗೆದರೂ ಒಂದರಲ್ಲಿ ಕುಳಿ ಆಳ, ಇನ್ನೊಂದರಲ್ಲಿ ತೇಲಿದ ಹಾಗೆ. ಕೇಸಿನ ಬೆನ್ನಿಗೆ ಒತ್ತುವ ಕಟ್ಟಾದ ಹಿಂದಿನ ತಟ್ಟೆಯ ಮೇಲೆ ಕೈಯಿಂದ ಅರ ಹಾಕಿ ಉಜ್ಜಿದ ಗೆರೆಗಳು ಮಾತ್ರ, ಒತ್ತಡ ಸಾಕಷ್ಟಿದ್ದಾಗ, ಚೆನ್ನಾಗಿ ಮೂಡುತ್ತಿದ್ದವು. ಕೈ ಅರದ ಗೆರೆ ಇನ್ನೊಂದು ಕಟ್ಟಾದಲ್ಲಿ ಹಾಗೇ ಬರುವುದು ಕಷ್ಟ. ಕಾರ್ಖಾನೆಯಲ್ಲಿ ಒಂದೇ ಟೂಲ್ ಸಾಲಾಗಿ ಹಲವು ಪಿಸ್ತೂಲುಗಳನ್ನು ಕೊರೆದಾಗ ಒಂದೇ ತರಹದ ಗುರುತು ಹಲವದರ ಮೇಲೆ ಉಳಿಯುವ ಅಪಾಯವಿದೆ, ಕಟ್ಟಾದಲ್ಲಿ ಅದು ಕಡಿಮೆ. ಇಷ್ಟು ಒಳ್ಳೆಯ ಸುದ್ದಿ.

ಕೆಟ್ಟ ಸುದ್ದಿ: ಪಟ್ಟಿ ಬಿಚ್ಚಿ ನೋಡಿದಾಗ, ಒಂದೇ ಕಟ್ಟಾದ ಎಷ್ಟೋ ಜೋಡಿಗಳಿಗೆ ನಾನು 'ಹೇಳಲಾಗದು' ಎಂದು ಬರೆದಿದ್ದೆ. ಗೆರೆ ಮೂಡದಿದ್ದರೆ ಮತ್ತೇನು ಬರೆಯುವುದು? ಆದರೆ ನಿಜವಾದ ಪ್ರಕರಣಗಳ ವರದಿಗಳಲ್ಲಿ ಈ ಉತ್ತರ ಅಷ್ಟೊಂದು ಸಲ ಕಾಣುವುದಿಲ್ಲ. ಯಾಕೆ? ನನ್ನ ಅನುಮಾನ ಮುದ್ದೆಮಾಲಿನ (ಪೊಲೀಸರು ವಶಪಡಿಸಿಕೊಂಡ ವಸ್ತುಗಳ) ಜೊತೆ ಬರುವ ಪತ್ರದ ಮೇಲೆ. 'ಆರೋಪಿಯು ತಪ್ಪೊಪ್ಪಿಕೊಂಡಿದ್ದು, ಸದರಿ ಅಗ್ನಿಶಸ್ತ್ರದಿಂದಲೇ...' ಎಂದು ಓದಿಕೊಂಡು ಕೂತರೆ, ಅರ್ಧಂಬರ್ಧ ಗೆರೆಯೂ ಪೂರ್ತಿ ಕಾಣತೊಡಗುತ್ತದೆ.

ಆಮೇಲೆ ನಾವು ಕ್ರಮ ಬದಲಾಯಿಸಿದೆವು. ಸೀಲು, ಪಂಚನಾಮೆ, ಲೇಬಲ್ಲು ತಾಳೆ ನೋಡಿ ಪತ್ರ ಇಟ್ಟುಕೊಳ್ಳುವವರು ಒಬ್ಬರು, ಮೈಕ್ರೋಸ್ಕೋಪಿಗೆ ಕೂರುವವರು ಇನ್ನೊಬ್ಬರು. ಮೊದಲು ನಾವು ಹಾರಿಸಿದ ಕೇಸುಗಳನ್ನೇ ಒಂದಕ್ಕೊಂದು ಹೋಲಿಸುವುದು. ಅವೇ ಕೂಡದಿದ್ದರೆ ಸ್ಥಳದ ಕೇಸಿನ ಜೊತೆ ಕೂಡಿತು ಎನ್ನಲು ಬಾಯಿ ಎಲ್ಲಿಂದ ಬರಬೇಕು? ಎರಡನೆಯ ಪರೀಕ್ಷಕರಿಗೆ ಮೊದಲನೆಯವರ ಉತ್ತರ ಹೇಳುವುದಿಲ್ಲ, ನಡುನಡುವೆ ಬೇಕೆಂದೇ ಬೇರೆ ಗನ್ನಿನ ಕೇಸನ್ನೂ ಸೇರಿಸಿಡುತ್ತೇವೆ. ಕೆಲಸ ನಿಧಾನವಾಗುತ್ತದೆ, ಬಾಕಿ ಕಡತ ಏರುತ್ತದೆ, ಅದರ ಬೈಗುಳ ಬೇರೆ.

2023ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಸುಪ್ರೀಂ ಕೋರ್ಟ್ ಅಬ್ರುಕ್ವಾ ಪ್ರಕರಣದಲ್ಲಿ, ಗುಂಡಿನ ಗುರುತು ಗನ್ನಿನ ಗುರುತಿಗೆ ಹೊಂದುತ್ತದೆ ಎನ್ನಬಹುದು, ಇದೇ ಗನ್ನಿನಿಂದ ಹಾರಿದ್ದು ಎಂದು ಖಚಿತವಾಗಿ ಹೇಳಿದ್ದು ಸರಿಯಲ್ಲ ಎಂದಿತು. ನಮ್ಮಲ್ಲಿ ಕ್ರಿಮಿನಲ್ ವಿಚಾರಣೆಯ ಕಾನೂನಾದ ಹಳೆಯ ಸಿಆರ್‌ಪಿಸಿಯ 293ನೇ ಕಲಂ, ಈಗಿನ ಬಿಎನ್‌ಎಸ್‌ಎಸ್‌ನ 329ರ ಪ್ರಕಾರ ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಕಟಕಟೆಗೆ ಕರೆಯದೆಯೂ ಸಾಕ್ಷ್ಯವಾಗಿ ಬಳಸಬಹುದು. ಪ್ರಶ್ನೆ ಕೇಳುವವರೇ ಇಲ್ಲದ ಕಾಗದ ಅದು. ಅದಕ್ಕೇ ನಾನು ವರದಿಯ ಜೊತೆ ಫೋಟೋ ಇಡುತ್ತೇನೆ, ಯಾವ ಗೆರೆ ಕೂಡಿತು, ಯಾವುದು ಕೂಡಲಿಲ್ಲ ಎಂದು ಬರೆಯುತ್ತೇನೆ. ತನಿಖಾಧಿಕಾರಿಗಳು ಫೋನ್ ಮಾಡಿ "ಮೇಡಂ, 'ಹೇಳಲಾಗದು' ಅಂದ್ರೆ ನಾನು ಸಾಹೇಬರಿಗೆ ಏನಂತ ಹೇಳ್ಲಿ?" ಎಂದು ಮರಾಠಿಯಲ್ಲಿ ಗೋಳಾಡುವುದು ಈಗಲೂ ನಿಂತಿಲ್ಲ.