ಕೂಡದ ಮೂಳೆಗೆ ದಿನಕ್ಕೆ 20 ನಿಮಿಷ ಅಲ್ಟ್ರಾಸೌಂಡ್

ಕಾಲು ಮುರಿದು ಒಂಬತ್ತು ತಿಂಗಳಾಯಿತು. ಒಳಗೆ ರಾಡ್ ಇದೆ. ಆದರೂ ಎಕ್ಸ್-ರೇಯಲ್ಲಿ ಆ ಕಪ್ಪು ಗೆರೆ ಹಾಗೇ ಇದೆ. ‘ಮೂಳೆ ಕೂಡಿಲ್ಲ’ ಅನ್ನುತ್ತಾರೆ ಡಾಕ್ಟರು. ಇಂಥವರಿಗೆ ಕೆಲವೊಮ್ಮೆ ಮನೆಯಲ್ಲೇ ಬಳಸುವ ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಬರೆದುಕೊಡುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನೆ ಮುರಿದ ಮೂಳೆಗೆ ಇದಕ್ಕಾಗಿ ದುಡ್ಡು ಸುರಿಯಬೇಡಿ. ಅಮೆರಿಕದಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿದ್ದೇನೋ ಹೊಸ ಮುರಿತಕ್ಕೇ. ಆದರೆ ಆಪರೇಷನ್ ಆದ 501 ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಯಂತ್ರಕ್ಕೂ ಡಮ್ಮಿ ಯಂತ್ರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕೂಡದ ಮೂಳೆಯ ವಿಷಯದಲ್ಲೂ ಪುರಾವೆ ತುಂಬ ಗಟ್ಟಿಯಿಲ್ಲ. ಮತ್ತೊಂದು ಆಪರೇಷನ್‌ಗೆ ಮುಂಚೆ ಒಮ್ಮೆ ನೋಡೋಣ ಅನ್ನುವವರಿಗೆ ಮಾತ್ರ ಇದು.

ಮೊದಲು ಎಕ್ಸ್-ರೇ ಹಿಡಿದು ಡಾಕ್ಟರನ್ನು ಕೇಳಿ: ಮೂಳೆ ನೇರವಾಗಿದೆಯಾ, ಅಲುಗಾಡುತ್ತಿದೆಯಾ, ಸೋಂಕು ಇದೆಯಾ? ನಡುವೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇದ್ದರೆ ಆಸೆ ಬಿಡುವುದೇ ಮೇಲು.

ಆಮೇಲೆ ಮುರಿದ ಜಾಗದ ಮೇಲೆ, ಚರ್ಮದ ಮೇಲೇ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಸ್ನಾನಕ್ಕೆ ಅಳಿಸಿಹೋಗುತ್ತದೆ, ಪೂರ್ತಿ ಮಾಸುವ ಮುಂಚೆಯೇ ತಿದ್ದಿಕೊಳ್ಳಿ. ಪ್ಲಾಸ್ಟರ್ ಇದ್ದರೆ ಅದರಲ್ಲಿ ಸಣ್ಣ ಕಿಟಕಿ ಕೊಯ್ಯಿಸಬೇಕು, ಯಂತ್ರದ ತಲೆ ಚರ್ಮಕ್ಕೇ ತಾಗಬೇಕಲ್ವಾ?

ಜೆಲ್ ಧಾರಾಳವಾಗಿ ಹಾಕಿ. ಯಂತ್ರದಿಂದ ಬರುವುದು ಕಿವಿಗೆ ಕೇಳದ ಶಬ್ದದ ಅಲೆ, ನಡುವೆ ಚೂರು ಗಾಳಿ ಸಿಕ್ಕಿಕೊಂಡರೂ ಅದು ಅಲ್ಲೇ ವಾಪಸ್. ಅಜ್ಜಿ ನೋವಿನೆಣ್ಣೆ ತಿಕ್ಕಿದ್ದರೆ ಮೊದಲು ಒರೆಸಿ. ಪಟ್ಟಿ ಬಿಗಿದು 20 ನಿಮಿಷ ಸುಮ್ನೆ ಕೂತುಕೊಳ್ಳಿ.

ಏನೂ ಗೊತ್ತಾಗುವುದಿಲ್ಲ. ಬಿಸಿಯಿಲ್ಲ, ನೋವಿಲ್ಲ. ಎಷ್ಟೋ ಜನ ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇದರ ಶಕ್ತಿಯೇ ಅಷ್ಟು, ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್. ಸೆಕೆಂಡಿಗೆ 15 ಲಕ್ಷ ಸಲ ಕಂಪಿಸುವ ಅಲೆ ಬಿಟ್ಟು ಬಿಟ್ಟು ಬಂದು ಮೂಳೆ ಕಟ್ಟುವ ಜೀವಕೋಶಗಳನ್ನು ಮೆಲ್ಲಗೆ ಅಲುಗಿಸುತ್ತದೆ, ಅಷ್ಟೇ. ಫಿಸಿಯೋಥೆರಪಿಯ ಯಂತ್ರ ಇದಕ್ಕಿಂತ ಎಷ್ಟೋ ಪಟ್ಟು ಜೋರು. ‘ಅದೂ ಅಲ್ಟ್ರಾಸೌಂಡೇ ತಾನೇ’ ಅಂತ ಅದನ್ನು ಇಡಿಸಿಕೊಳ್ಳಬೇಡಿ. ಬೇಗ ಕೂಡಲಿ ಅಂತ 20 ನಿಮಿಷವನ್ನು 40 ಮಾಡುವುದೂ ಬೇಡ.

ದಿನಾ ಮಾಡಿ, ತಿಂಗಳುಗಟ್ಟಲೆ. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ, ತಪ್ಪಿದ ದಿನವನ್ನೂ ಮುಚ್ಚಿಡದೆ ಡಾಕ್ಟರಿಗೆ ತೋರಿಸಿ. ಮತ್ತೆ ಆ 20 ನಿಮಿಷ ಕೂತಾಗ ಬೀಡಿ ಹಚ್ಚುವವರಿದ್ದಾರೆ. ಮೂಳೆ ಕೂಡದಂತೆ ತಡೆಯುವುದರಲ್ಲಿ ಹೊಗೆಯದ್ದೂ ದೊಡ್ಡ ಕೈ. ಅದನ್ನು ಬಿಡದಿದ್ದರೆ ಯಂತ್ರಕ್ಕೆ ದುಡ್ಡು ಕೊಡುವ ಮುಂಚೆ ಇನ್ನೊಮ್ಮೆ ಯೋಚಿಸಿ.