ಡೀಪ್ ಬೀಮ್‌ನ ಶಿಯರ್: ಸ್ಟಿರಪ್‌ಗಿಂತ ಮೊದಲು ಸ್ಟ್ರಟ್ ನೋಡಿ

ಮಾಮೂಲಿ ಬೀಮ್‌ನಂತೆ ಲೆಕ್ಕ ಹಾಕಿ, ಶಿಯರ್ (ಬೀಮನ್ನು ಕತ್ತರಿಸುವ ಬಲ) ತಡೆಯುವ ಶಕ್ತಿ ಸಾಲದಿದ್ದರೆ ಸ್ಟಿರಪ್ (ಕಂಬಿಗಳನ್ನು ಸುತ್ತುವ ಉಂಗುರ) ಒತ್ತಾಗಿ ಕಟ್ಟುವುದು ಡೀಪ್ ಬೀಮ್‌ನಲ್ಲಿ (ಉದ್ದಕ್ಕೆ ಹೋಲಿಸಿದರೆ ಎತ್ತರ ಹೆಚ್ಚಿರುವ ಬೀಮ್) ಎಲ್ಲರೂ ಮಾಡುವ ತಪ್ಪು. ಇಲ್ಲಿ ಭಾರ ಓರೆಯಾದ ಕಾಂಕ್ರೀಟ್ ಸ್ಟ್ರಟ್ (ಒತ್ತಡ ಹೊರುವ ಪಟ್ಟಿ) ಹಿಡಿದು ನೇರ ಆಸರೆಗೆ ಇಳಿಯುತ್ತದೆ. ಆ ಸ್ಟ್ರಟ್‌ಗಳ ಬುಡ ಆಚೀಚೆ ಜಾರದಂತೆ ಹಿಡಿಯುವ ಟೈ ಅಂದರೆ ಅಡಿಯ ಕಂಬಿ. ಸ್ಟಿರಪ್ ಮತ್ತು ಅಡ್ಡಕಂಬಿಗಳ ಜಾಲ ಸ್ಟ್ರಟ್ ಸೀಳದಂತೆ ನೋಡಿಕೊಳ್ಳುತ್ತದೆ.

ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318-19 ಪ್ರಕಾರ, ಆಸರೆಗಳ ಮುಖಗಳ ನಡುವಿನ ಅಂತರ ಬೀಮ್ ಎತ್ತರದ 4 ಪಟ್ಟು ಮೀರದಿದ್ದರೆ, ಇಲ್ಲವೇ ಬಿಂದುಭಾರ ಆಸರೆಯ ಮುಖದಿಂದ ಎತ್ತರದ 2 ಪಟ್ಟಿನೊಳಗಿದ್ದರೆ ಅದು ಡೀಪ್ ಬೀಮ್. (ಭಾರತೀಯ ಸಂಹಿತೆ ಐಎಸ್ 456ರ ಮಿತಿಗಳೇ ಬೇರೆ. ಎರಡನ್ನೂ ಬೆರೆಸಬೇಡಿ.)

ಉದಾಹರಣೆಗೆ ಅಗಲ 400 ಮಿಮೀ, ಎತ್ತರ 1500, ಪರಿಣಾಮಕಾರಿ ಆಳ (ಮೇಲ್ಮೈಯಿಂದ ಟೈ ಕಂಬಿಗಳ ನಡುವಿನವರೆಗೆ) 1350, ಕಾಂಕ್ರೀಟ್ 30 ಎಂಪಿಎ, ಕಂಬಿ 500 ಎಂಪಿಎ. ನಡುವೆ ಬಿಂದುಭಾರ, ಭಾರದಿಂದ ಆಸರೆಗೆ 1500 ಮಿಮೀ, ಭಾರದ ಸುರಕ್ಷತಾ ಗುಣಕ ಸೇರಿ ಪ್ರತಿ ಆಸರೆಗೆ 1200 ಕಿಲೋನ್ಯೂಟನ್.

ಮೊದಲು ಗಾತ್ರ. ಗರಿಷ್ಠ ಶಿಯರ್ 0.75 (ಸಾಮರ್ಥ್ಯ ಇಳಿಕೆಯ ಗುಣಕ) × 0.83 × (30ರ ವರ್ಗಮೂಲ) × 400 × 1350, ಅಂದರೆ ಸುಮಾರು 1840 ಕಿಲೋನ್ಯೂಟನ್. ಇದನ್ನು ದಾಟಿದರೆ ಬೀಮ್ ದಪ್ಪ ಮಾಡಬೇಕು, ಕಂಬಿ ಸೇರಿಸಿ ಪ್ರಯೋಜನವಿಲ್ಲ.

ಲಿವರ್ ಆರ್ಮ್ (ಟೈಗೂ ಮೇಲಿನ ಒತ್ತಡದ ಭಾಗಕ್ಕೂ ನಡುವಿನ ಲಂಬ ಅಂತರ) 1200 ಹಿಡಿದರೆ ಸ್ಟ್ರಟ್ ಕೋನ ಸುಮಾರು 38.7 ಡಿಗ್ರಿ (25ಕ್ಕಿಂತ ಕಡಿಮೆ ಇರಬಾರದು), ಟೈ ಬಲ 1500, ಸ್ಟ್ರಟ್ ಬಲ 1921 ಕಿಲೋನ್ಯೂಟನ್. ಟೈಗೆ 4000 ಚದರ ಮಿಮೀ ಕಂಬಿ ಬೇಕು. 25 ಮಿಮೀ ಕಂಬಿ 9, ಮೂರು ಸಾಲಿನಲ್ಲಿ.

ಆಸರೆಯ ಪ್ಲೇಟ್ 250, ಟೈ ಎತ್ತರ 300 ಇದ್ದರೆ ಕೆಳತುದಿಯಲ್ಲಿ ಸ್ಟ್ರಟ್ ಅಗಲ 390 ಮಿಮೀ. ಜಾಲ ಇಲ್ಲದಿದ್ದರೆ ಸ್ಟ್ರಟ್ ಗುಣಕ 0.4, ಸ್ಟ್ರಟ್ ತಡೆಯುವುದು 1190 ಮಾತ್ರ, ಬೀಮ್ ಫೇಲ್. ಕನಿಷ್ಠ ಜಾಲ ಹಾಕಿದರೆ ಗುಣಕ 0.75, ಸಾಮರ್ಥ್ಯ ಸುಮಾರು 2240. ಜಾಲದ ಬೆಲೆ ಗೊತ್ತಾಗುವುದು ಇಲ್ಲೇ. ಮೇಲಿನ ತುದಿಯನ್ನೂ ಹೀಗೇ ನೋಡಿ, ಕಿರಿದಾದ ತುದಿಯೇ ಲೆಕ್ಕಕ್ಕೆ. ನೋಡ್‌ಗಳ (ಸ್ಟ್ರಟ್, ಟೈ ಸೇರುವ ಜಾಗಗಳ) ಒತ್ತಡವನ್ನೂ ಬಿಡಬೇಡಿ.

ಜಾಲ ಎರಡೂ ದಿಕ್ಕಿಗೆ ಕಾಂಕ್ರೀಟ್ ವಿಸ್ತೀರ್ಣದ 0.0025 ಪ್ರಮಾಣದಲ್ಲಿರಬೇಕು. ಕಂಬಿಗಳ ಅಂತರ ಪರಿಣಾಮಕಾರಿ ಆಳದ ಐದನೇ ಒಂದು ಭಾಗ ಅಥವಾ 300 ಮಿಮೀ, ಯಾವುದು ಕಡಿಮೆಯೋ ಅದನ್ನು ಮೀರಬಾರದು. 12 ಮಿಮೀ ಎರಡು ಕಾಲಿನ ಸ್ಟಿರಪ್ 200ಕ್ಕೊಂದು, ಎರಡೂ ಮುಖಕ್ಕೆ 12 ಮಿಮೀ ಅಡ್ಡಕಂಬಿ 200ಕ್ಕೊಂದು ಹಾಕಿದರೆ 0.0028 ಸಿಗುತ್ತದೆ.

ಸೈಟಿನಲ್ಲಿ ಹೆಚ್ಚಾಗಿ ಕೆಡುವುದು ಟೈ ತುದಿ. ಆಸರೆಯ ಹತ್ತಿರವೂ ಟೈ ಬಲ ಕಡಿಮೆಯಾಗುವುದಿಲ್ಲ. 25 ಮಿಮೀ ನೇರ ಕಂಬಿಗೆ ಒಂದು ಮೀಟರ್‌ನಷ್ಟು ಆಂಕರೇಜ್ (ಕಾಂಕ್ರೀಟಿನಲ್ಲಿ ಹಿಡಿತದ ಉದ್ದ) ಬೇಕಾಗಬಹುದು, 250 ಮಿಮೀ ಆಸರೆಯ ಮೇಲೆ ಅಷ್ಟು ಜಾಗವೆಲ್ಲಿ? ಕೊಕ್ಕೆ ಅಥವಾ ತಲೆಪ್ಲೇಟ್ ಕೊಡಿ. ನಡುವೆ ಕಂಬಿ ಕಡಿತಗೊಳಿಸಬೇಡಿ. ಪೈಪ್ ತೂತು ಸ್ಟ್ರಟ್ ದಾರಿಗೆ ಅಡ್ಡ ಬಂದರೆ ಹೊಸ ಮಾದರಿ ಬರೆದು ಮತ್ತೆ ಲೆಕ್ಕ ಹಾಕಿ. ಭಾರ ಬೀಮ್‌ನ ತಳಕ್ಕೆ ನೇತುಬಿದ್ದಿದ್ದರೆ ಅದನ್ನು ಮೇಲಕ್ಕೆ ಎಳೆಯುವ ನೇತು-ಕಂಬಿಗಳನ್ನು ಪ್ರತ್ಯೇಕವಾಗಿ ಸೇರಿಸಿ.