ಮುಂಭಾರ, ಹಿಂಭಾರ

ಪೈಲಟ್ ಲೈಸೆನ್ಸ್‌ಗೆ ಓದುವಾಗ ವೇಟ್ ಅಂಡ್ ಬ್ಯಾಲೆನ್ಸ್, ಅಂದರೆ ವಿಮಾನದಲ್ಲಿ ಭಾರ ಎಲ್ಲೆಲ್ಲಿ ಎಷ್ಟಿರಬೇಕು ಅನ್ನುವುದು, ನನಗೆ ಬರೀ ಪರೀಕ್ಷೆಯ ಲೆಕ್ಕ. ಅದು ಕೈಗೆ ತಟ್ಟಿದ್ದು ಜಕ್ಕೂರಿನ ರನ್‌ವೇಯಲ್ಲಿ, ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ಪುಟ್ಟ ವಿಮಾನ ಇಳಿಸುವಾಗ.

ನನ್ನ ಇನ್‌ಸ್ಟ್ರಕ್ಟರ್ 104 ಕಿಲೋ, ನಾನು 74. ಇಬ್ಬರೂ ಮುಂದೆ, ಹಿಂದೆ ಪೂರಾ ಖಾಲಿ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪೂರ್ತಿ ಇಳಿಸಿ 65 ನಾಟ್‌ನಲ್ಲಿ ಬಂದೆ, ಪವರ್ ತೆಗೆದೆ, ಮೂಗೆತ್ತಲು ಯೋಕ್, ಅಂದರೆ ವಿಮಾನದ ಚುಕ್ಕಾಣಿ, ಎಳೆದೆ. ಎಳೆದೇ ಎಳೆದೆ. ಹೊಟ್ಟೆಗೆ ತಾಗುವಷ್ಟು ಬಂದರೂ ಮೂಗು ಏಳಲೊಲ್ಲದು. ಮೂರೂ ಚಕ್ರ ಒಟ್ಟಿಗೇ ಧಡ್ಡೆಂದು ಬಡಿದವು. ಮೂಗಿನ ಚಕ್ರವೇ ಮೊದಲು ತಾಗಿದ್ದರೆ ಕಪ್ಪೆಯ ಹಾಗೆ ಕುಪ್ಪಳಿಸಿ, ಪ್ರೊಪೆಲ್ಲರ್ ನೆಲ ಕೆರೆದಿದ್ದರೂ ಆಶ್ಚರ್ಯವಿರಲಿಲ್ಲ.

ಮಂಡ್ಯದಲ್ಲಿ ನಮ್ಮ ತಾತ ಗಾಡಿಗೆ ಕಬ್ಬು ಹೇರುವಾಗ ಗದರುತ್ತಿದ್ದರು: "ಮುಂಭಾರ ಆದ್ರೆ ಎತ್ತಿನ ಕತ್ತು ಮುರೀತದೆ, ಹಿಂಭಾರ ಆದ್ರೆ ನೊಗ ಮೇಲೇಳ್ತದೆ." ವಿಮಾನದಲ್ಲಿ ಎತ್ತಿನ ಕೆಲಸ ಬಾಲದ್ದು. ಮೂಗು ಭಾರವಾದಷ್ಟೂ ಬಾಲ ಕೆಳಕ್ಕೆ ಹೆಚ್ಚು ಒತ್ತಬೇಕು. ವೇಗ ಇಳಿದು ಪ್ರೊಪೆಲ್ಲರ್ ಗಾಳಿಯೂ ನಿಂತ ಹೊತ್ತಿಗೆ ಅದಕ್ಕೆ ಆ ಕಸುವು ಇರುವುದಿಲ್ಲ.

ಸಂಜೆ ಲೋಡ್ ಶೀಟ್ ಹಿಡಿದು ಕೂತೆ. ಈ ವಿಮಾನದಲ್ಲಿ ಅಳತೆ ಶುರುವಾಗುವುದು ಎಂಜಿನ್ ಹಿಂದಿನ ಫೈರ್‌ವಾಲ್‌ನಿಂದ: ಮುಂದಿನ ಸೀಟು 37 ಇಂಚು, ಇಂಧನ 48, ಹಿಂದಿನ ಸೀಟು 73, ಲಗೇಜ್ ಜಾಗ 95. ನಮ್ಮ ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ಸಮತೂಗುವ ಜಾಗ, 39.6 ಇಂಚಿಗೆ ಬಂತು. ಮಿತಿಯೊಳಗೇ ಇದೆ, ತಪ್ಪೇನಿಲ್ಲ. ಮಿತಿಯೊಳಗೆ ಇದ್ದ ಮಾತ್ರಕ್ಕೆ ಸಲೀಸಾಗಿ ಇಳಿಯುತ್ತದೆ ಎಂದೇನಿಲ್ಲ ಅನ್ನುವುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಮಾರನೇ ದಿನ ಇಪ್ಪತ್ತು ಕಿಲೋ ಮರಳಿನ ಚೀಲವೊಂದನ್ನು ಲಗೇಜ್ ಜಾಗದಲ್ಲಿಟ್ಟು ಬಲೆಯಿಂದ ಬಿಗಿದೆವು. ಕೇಂದ್ರ ಒಂದು ಇಂಚು ಚಿಲ್ಲರೆ ಹಿಂದೆ ಸರಿಯಿತು. ಜೊತೆಗೆ ಯೋಕಿನ ಭಾರ ತಗ್ಗಿಸುವ ಟ್ರಿಮ್ ಇನ್ನೊಂದಿಷ್ಟು ಹಿಂದಕ್ಕೆ ತಿರುಗಿಸಿ, ಚಕ್ರ ತಾಗುವ ತನಕ ಚೂರು ಪವರ್ ಉಳಿಸಿಕೊಂಡೆ. ಮೂಗು ಹೇಳಿದ ಮಾತು ಕೇಳಿತು.

ಲೈಸೆನ್ಸ್ ಬಂದ ಮೇಲೆ ಮೂವರು ಗೆಳೆಯರನ್ನು ಕೂರಿಸಿಕೊಂಡು ಹೊರಟೆ. ತೂಕ ಕೇಳಿದರೆ ಜನ ಮದುವೆಗೆ ಮುಂಚಿನದ್ದು ಹೇಳುತ್ತಾರೆ. ಅದಕ್ಕೇ ಮನೆಯ ತೂಕದ ಯಂತ್ರ ತಂದು ಎಲ್ಲರನ್ನೂ ಬ್ಯಾಗ್ ಸಮೇತ ಹತ್ತಿಸಿದ್ದೆ. ಮುಂದೆ 140, ಹಿಂದೆ 130, ಲಗೇಜ್ 15 ಕಿಲೋ. ಇಳಿಯುವ ಹೊತ್ತಿಗೆ ಉಳಿಯುವ ಇಂಧನ ಹಿಡಿದು ಲೆಕ್ಕ ಹಾಕಿದರೆ 44.4 ಇಂಚು. ಆ ಮೊದಲ ದಿನಕ್ಕಿಂತ ಹೆಚ್ಚುಕಡಿಮೆ ಐದು ಇಂಚು ಹಿಂದೆ.

ಹಿಂಭಾರವಾದರೆ ಮೂಗು ಹಗುರಾಗಿ ಏಳುತ್ತದೆ ಅನ್ನುವುದು ಕಾಗದದ ಮೇಲೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಳೇ ಅಭ್ಯಾಸದಂತೆ ಎಳೆದೆ ನೋಡಿ, ವಿಮಾನ ಗಾಳಿಪಟದ ಹಾಗೆ ಹತ್ತಡಿ ಮೇಲೆದ್ದಿತು, ವೇಗ ಕರಗತೊಡಗಿತು. ಅಲ್ಲೇ ಸರಿಮಾಡಲು ಹೋಗದೆ ಪೂರ್ತಿ ಪವರ್ ಕೊಟ್ಟು, ಮೂಗನ್ನು ತಡೆಹಿಡಿದು ಮೇಲೆ ಹೋದೆ. ಎರಡನೇ ಸಲ ಯೋಕನ್ನು ಎರಡೇ ಬೆರಳಲ್ಲಿ ಹಿಡಿದಿದ್ದೆ.

"ಇನ್ನೊಂದು ರೌಂಡ್ ಫ್ರೀನಾ?" ಅಂದ, ಹಿಂದೆ ಕೂತಿದ್ದವ.